ಹೆಣ್ಣು ನೋಡಲು ಬಂದ ವರದಿಗಾರ

ಹೆಣ್ಣು ನೋಡಲು ಬಂದ ಗಂಡು ಏನು ಕೇಳುತ್ತಾನೆ? ಹಾಡು ಬರುತ್ತದಾ, ಹೊಲಿಗೆ ಬರುತ್ತದಾ, ಅಷ್ಟೇ ತಾನೆ? ನಮ್ಮ ಯಜಮಾನರು ಕೇಳಿದ್ದು, "ನಿಮ್ಮೂರಿನ ಬಾವಿ ಎಷ್ಟು ಅಡಿ ಆಳ ರೀ?" ಇಂಥವರ ಜೊತೆ ಇಷ್ಟು ವರ್ಷ ಬಾಳಿದ್ದೇನೆ, ನನಗೊಂದು ಸನ್ಮಾನ ಬೇಡವೇ!

ಐವತ್ತರ ದಶಕದ ಕೊನೆ ಅದು. ಶಿಕಾರಿಪುರದಲ್ಲಿ ಪಹಣಿ ಬರೆಯುವ ಗುಮಾಸ್ತರ ಕೆಲಸ ಬಿಟ್ಟು, ಇವರು ಶಿವಮೊಗ್ಗದ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯಲು ಹೊರಟಿದ್ದರು. ಬೇರೆಯವರು ಮಂತ್ರಿಗಳ ಭಾಷಣ ಬರೆದರೆ, ಇವರು ಭಾಷಣಕ್ಕೆ ನಿದ್ದೆ ಹೋದವರ ಬಗ್ಗೆ ಬರೆಯೋರು! ಸುದ್ದಿಯ ಲಕೋಟೆಯನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಡೋರು. ಆ ಪುಣ್ಯಾತ್ಮ ಅದನ್ನು ಬಿಚ್ಚಿ ದಾರಿಯುದ್ದಕ್ಕೂ ಗಟ್ಟಿಯಾಗಿ ಓದೋನು. ಪತ್ರಿಕೆ ಬರುವಷ್ಟರಲ್ಲಿ ಸುದ್ದಿ ಹಳಸಿರೋದು. "ಒಳ್ಳೇದೇ ಆಯ್ತು, ಓದು ಬರದವರಿಗೂ ತಲುಪ್ತಲ್ಲ" ಅಂತ ಇವರು ಹಿಗ್ಗೋರು.

ಹೊಸಬಾಳೆಯ ನಮ್ಮ ಮನೆಗೆ ಬಂದಾಗಲೂ ಅಷ್ಟೇ. ಉಪ್ಪಿಟ್ಟು ಆರುತ್ತಿದೆ, ಇವರ ಪೆನ್ಸಿಲ್ ಓಡುತ್ತಿದೆ.

"ಶಾಲೆ ಎಷ್ಟನೇ ಕ್ಲಾಸಿನ ತನಕ?"

"ಏಳು" ಅಂದರು ಅಪ್ಪಯ್ಯ.

"ಆಮೇಲೆ?"

"ಗಂಡುಡುಗ್ರು ಸೊರಬಕ್ಕೆ ಹೋಗ್ತಾರೆ."

"ಹೆಣ್ಣುಮಕ್ಕಳು?"

"ಉಪ್ಪಿಟ್ಟು ಮಾಡ್ತಾರೆ. ತಣ್ಣಗಾಗ್ತದೆ, ತಿನ್ನಿ ಮಾರಾಯ್ರೆ!"

ಇವರು ನನ್ನ ಕಡೆ ತಿರುಗಿ, "ನಿಮಗೇನು ಆಸೆ?" ಅಂದರು. ಹದಿನೇಳು ವರ್ಷದಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ! "ಹೈಸ್ಕೂಲು ಓದಬೇಕು" ಅಂತ ಬಾಯಿಂದ ಬಂದೇಬಿಟ್ಟಿತು. ಅಮ್ಮ ಹಿಂದಿನಿಂದ ಚಿವುಟಿದ್ದು ಇವತ್ತಿಗೂ ಉರಿಯುತ್ತದೆ.

ನಾಲ್ಕೇ ದಿನಕ್ಕೆ ಅಚ್ಚಾಯಿತು: "ಹೊಸಬಾಳೆಯ ಯುವತಿಗೆ ಓದುವಾಸೆ." ಕಂಡಕ್ಟರ್ ಕೃಪೆಯಿಂದ ನೆಂಟರಿಗೆಲ್ಲ ಅದಕ್ಕೂ ಮೊದಲೇ ಗೊತ್ತು! ಅಪ್ಪಯ್ಯ ಕೆಂಡಾಮಂಡಲ. "ಆ ಪೇಪರಿನವನು ಹೊಸ್ತಿಲು ತುಳಿದರೆ ಕಾಲು ಮುರೀತೀನಿ. ಮುಂದಿನ ತಿಂಗಳೇ ಇವಳಿಗೆ ಬೇರೆ ಗಂಡು!" ಓದೂ ಹೋಯಿತು, ಓದಿನ ಆಸೆ ಕೇಳಿದವರೂ ಹೋದರು ಅಂದುಕೊಂಡೆ.

ಮರುವಾರ ಪುನಃ ಬಂದರು, ಮಹಾನುಭಾವರು! ಕ್ಷಮೆ ಕೇಳೋಕೆ ಅಂದುಕೊಂಡಿರಾ? "ಬಾವಿಗೆ ರಾಟೆ ಇದೆಯೋ ಇಲ್ಲವೋ, ಬರೆದುಕೊಳ್ಳೋದು ಮರೆತೆ" ಅಂದರು.

ಅಪ್ಪಯ್ಯ ದೊಣ್ಣೆ ಹುಡುಕುತ್ತಲೇ ಗುಡುಗಿದರು. "ಮದುವೆ ಕತೆ ಏನ್ರೀ?"

"ಅವರು ಓದಬೇಕು ಅಂದರಲ್ಲ, ಓದಲಿ. ಮುಗಿಸಿದ ಮೇಲೂ ನನ್ನನ್ನ ಒಪ್ಪಿದರೆ ಮದುವೆ. ಕಾಯ್ತೀನಿ."

"ಇದನ್ನೂ ಪೇಪರಿಗೆ ಹಾಕ್ತೀರೇನು?"

"ಇಲ್ಲ ರೀ. ಇದು ನನ್ನ ಸ್ವಂತ ವಿಷಯ." ಅಂದವರೇ ಪೆನ್ಸಿಲ್ ಜೇಬಿಗೆ ಹಾಕಿದರು.

ಅಪ್ಪಯ್ಯ ದೊಣ್ಣೆ ಹುಡುಕೋದು ಬಿಟ್ಟರು. ಆಮೇಲೆ, "ಸೊರಬದಲ್ಲಿ ನನ್ನ ತಂಗಿ ಮನೇಲಿದ್ದು ಓದ್ಲಿ" ಅಂದರು. ಬಾಗಿಲ ಹಿಂದೆ ನಾನು ಗೊಳೋ ಅಂತ ಅತ್ತುಬಿಟ್ಟೆ.

ನನಗಿಂತ ಚಿಕ್ಕವರ ಜೊತೆ ಕೊನೇ ಬೆಂಚಿನಲ್ಲಿ ಕೂತು ಓದಿದೆ. ಇವರು ಮೂರು ವರ್ಷ ಕಾದರು. ಒಂದು ಸಲವೂ "ಇನ್ನೆಷ್ಟು ದಿನ?" ಅಂತ ಕೇಳಲಿಲ್ಲ.