ಒಸಡಿಗೊಂದು ಫ್ಲಾಪ್ ಸರ್ಜರಿ

ಹಲ್ಲಿಗೆ ಇರುವ ಮರ್ಯಾದೆ ಒಸಡಿಗೆ ಇಲ್ಲ. ಹಲ್ಲುನೋವು ಅಂದರೆ ಆಫೀಸಿನಲ್ಲಿ ರಜೆ ಸಿಗುತ್ತದೆ, ಮನೆಯಲ್ಲಿ ಲವಂಗ ಸಿಗುತ್ತದೆ, ಕೆನ್ನೆ ಊದಿದ್ದರೆ ಅಕ್ಕಪಕ್ಕದವರ ಕನಿಕರವೂ ಸಿಗುತ್ತದೆ. ‘ನನಗೆ ಒಸಡು ಸರಿಯಿಲ್ಲ’ ಎಂದು ರಜೆ ಕೇಳಿದವರನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ. ಕೇಳಿದರೂ ನಮ್ಮ ಮೇಲಧಿಕಾರಿಗಳು, ಅದು ಯಾವ ಊರ ಹತ್ತಿರ ಬರುತ್ತದೆ ಎಂದು ವಿಚಾರಿಸುವ ಪೈಕಿ. ತೊಂದರೆ ಏನೆಂದರೆ ಒಸಡು ನೋಯುವುದಿಲ್ಲ. ನೋಯದ ಕಾಯಿಲೆಯನ್ನು ಕಾಯಿಲೆ ಎಂದು ಒಪ್ಪಿಕೊಳ್ಳುವ ವಿವೇಕ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ, ನನಗೂ ಬರಲಿಲ್ಲ.

ಮೊದಲ ಸುಳಿವು ಸಿಕ್ಕಿದ್ದು ಒಂದು ಸೀಬೆಹಣ್ಣಿನಲ್ಲಿ. ಕಚ್ಚಿದ ಜಾಗ ಕೆಂಪಗಿತ್ತು. ಒಳಗೆ ಕೆಂಪಿರುವ ಒಳ್ಳೆಯ ಜಾತಿಯ ಹಣ್ಣೆಂದು ಸಂತೋಷಪಟ್ಟು ಅದರದ್ದೇ ಇನ್ನೊಂದು ಹೋಳನ್ನು ನನ್ನ ಹೆಂಡತಿ ಮಂಜುಳಾಗೆ ಕೊಟ್ಟೆ. ಅವಳ ಹೋಳು ಬೆಳ್ಳಗಿತ್ತು. ಆಮೇಲೆ ಹಲ್ಲುಜ್ಜುವಾಗಲೂ ರಕ್ತ ಬರತೊಡಗಿತು. ನಾನು ಬುದ್ಧಿವಂತಿಕೆಯಿಂದ ರಕ್ತ ಬರುವ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ನಿಲ್ಲಿಸಿದೆ. ಜಗಳಗಂಟ ನೆರೆಯವನ ಮನೆಯ ಮುಂದೆ ಹಾಯುವುದನ್ನು ಬಿಟ್ಟು ಸುತ್ತಿ ಹೋಗುತ್ತೇವಲ್ಲ, ಹಾಗೆ. ದಿನ ಕಳೆದಂತೆ ಸುತ್ತುವ ದಾರಿಯೇ ಉದ್ದವಾಗಿ, ಕೊನೆಗೆ ನಾನು ಉಜ್ಜುತ್ತಿದ್ದದ್ದು ಮೇಲಿನ ನಾಲ್ಕು ಹಲ್ಲು ಮಾತ್ರ. ನನ್ನ ಬಾಯಿ ವಾಸನೆಗೆ ಮಂಜುಳಾ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ತನಗೇ ಬೇಕೆನ್ನತೊಡಗಿದಳು.

ನಾನು ಕೆಜಿಎಫ್‌ನ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕೆಲಸ ಮಾಡುವವನು. ಪಕ್ಕದ ಮೇಜಿನ ಸೆಲ್ವರಾಜು ಇಲ್ಲಿನ ಬಡಾವಣೆಯಾದ ಕೋರಮಂಡಲ್‌ನವರು, ಒಂದೇ ವಾಕ್ಯದಲ್ಲಿ ತಮಿಳು, ಕನ್ನಡ ಎರಡನ್ನೂ ಜಗಳವಿಲ್ಲದೆ ಬಾಳಿಸುವವರು. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಕ್ಲೀನ್ ಮಾಡಿಸಲೇ ಎಂದು ಅವರನ್ನು ಕೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ವೇಂಡಾ ಸಾರ್. ಒಂದ್ಸಲ ಕ್ಲೀನ್ ಮಾಡ್ಸಿದ್ರೆ ಪಲ್ಲು ಆಡಕ್ಕೆ ಸ್ಟಾರ್ಟ್ ಆಗ್ತದೆ.”

ಅವರ ಬಾವ, ಬಾವನ ತಮ್ಮ, ಹೀಗೆ ಕ್ಲೀನ್ ಮಾಡಿಸಿ ಹಲ್ಲು ಕಳೆದುಕೊಂಡವರ ಕಥೆಯನ್ನು ಊಟದ ಗಂಟೆ ಹೊಡೆಯುವವರೆಗೆ ಹೇಳಿದರು. ನನಗೆ ಬೇಕಾಗಿದ್ದದ್ದೂ ಅದೇ. ಹೋಗದಿರಲು ಸಕಾರಣ ಸಿಕ್ಕಿದ ಸಮಾಧಾನದಲ್ಲಿ ಇನ್ನೊಂದು ವರ್ಷ ಕಳೆದೆ.

ಮನೆಯಲ್ಲಿ ಇನ್ನೊಂದು ವಾದವಿತ್ತು. ನನ್ನ ಊರು ಗದಗದ ಕಡೆ. ಗರಿಗರಿಯಾಗಿ ಒಣಗಿಸಿದ ಜೋಳದ ಕಟಕ್ ರೊಟ್ಟಿಯ ಮೇಲೆ ಬೆಳೆದ ದೇಹ ಇದು. ಮಂಜುಳಾ ಇಲ್ಲೇ ಹತ್ತಿರದ ಕ್ಯಾಸಂಬಳ್ಳಿಯವಳು, ರಾಗಿಮುದ್ದೆಯ ಮನೆತನ. ಮದುವೆಯಾದ ಹೊಸದರಲ್ಲಿ ಅತ್ತೆಮನೆಯಲ್ಲಿ ಊಟಕ್ಕೆ ಕೂತಾಗ ನಾನು ಮುದ್ದೆಯನ್ನು ಅಗಿದೆ. ಬಾಯಿಗೆ ಹಾಕಿಕೊಂಡಿದ್ದನ್ನು ಅಗಿಯಬೇಕೆಂಬುದು ನಮ್ಮ ಕಡೆಯ ನಂಬಿಕೆ. ಸಾಲಿನಲ್ಲಿ ಕೂತಿದ್ದವರೆಲ್ಲ ಕೈ ನಿಲ್ಲಿಸಿ ನನ್ನ ದವಡೆಯನ್ನು ನೋಡಿದರು. ಮಾವ ಮುಖ ತಿರುಗಿಸಿ ನೀರು ಕುಡಿದರು. ಮುದ್ದೆಯನ್ನು ನುಂಗಬೇಕು ಎಂದು ಆಮೇಲೆ ಎಲ್ಲರೂ ಕಲಿಸಿಕೊಟ್ಟರು. ನನಗೆ ಬರಲೇ ಇಲ್ಲ. ಇಪ್ಪತ್ತು ವರ್ಷದಿಂದ ಕದ್ದುಮುಚ್ಚಿ ಅಗಿಯುತ್ತಲೇ ಬಂದೆ. ಒಸಡಿನಲ್ಲಿ ರಕ್ತ ಎಂಬ ಸುದ್ದಿ ಕ್ಯಾಸಂಬಳ್ಳಿ ತಲುಪಿದ್ದೇ ತಡ, ಅತ್ತೆ ಗೌರಮ್ಮನವರು, ಮುದ್ದೆ ಅಗಿದೂ ಅಗಿದೂ ಒಸಡು ಸವೆದುಹೋಗಿದೆ ಎಂದು ತೀರ್ಪು ಕೊಟ್ಟರು. ಅವರ ಪ್ರಕಾರ ಇದು ಕಾಯಿಲೆಯಲ್ಲ, ನಡತೆ.

ಕೊನೆಗೆ ಬಲದವಡೆಯ ಒಂದು ಹಲ್ಲು, ಯಾರೂ ಕ್ಲೀನ್ ಮಾಡದೆಯೇ, ತಾನಾಗಿ ಅಲ್ಲಾಡತೊಡಗಿತು. ಸೆಲ್ವರಾಜು ಅವರಲ್ಲಿ ಇದಕ್ಕೆ ಕಥೆ ಇರಲಿಲ್ಲ. ಇಲ್ಲಿನ ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂಗಾರಪೇಟೆಯ ದಂತವೈದ್ಯೆಯ ಬಳಿಗೆ ಹೋದೆ. ಚಿಕ್ಕ ವಯಸ್ಸಿನ, ಗಟ್ಟಿ ಕೈಯ ಹೆಣ್ಣುಮಗಳು. ಒಂದು ತೆಳ್ಳನೆಯ ಕಡ್ಡಿಯನ್ನು ಹಲ್ಲು ಒಸಡುಗಳ ಸಂದಿಗೆ ಇಳಿಸುತ್ತ, ಪಕ್ಕದಲ್ಲಿದ್ದ ಸಹಾಯಕಿಗೆ ಆಳವನ್ನು ಹೇಳುತ್ತ ಹೋದರು. ಮುಚ್ಚಿದ ಗಣಿಗಳ ಊರಿನಿಂದ ಬಂದವನಿಗೆ ತನ್ನ ಬಾಯಲ್ಲೂ ಅಗೆತ ನಡೆದಿತ್ತೆಂದು ಆಗಲೇ ತಿಳಿದದ್ದು. ರಕ್ತ ಬರುತ್ತದೆಂದು ಬ್ರಷ್ ಬಿಟ್ಟಿದ್ದೇನೆ ಎಂದೆ.

“ಬ್ರಷ್ ಬಿಟ್ಟಿದ್ದಕ್ಕೇ ಸಾರ್ ರಕ್ತ ಬರ್ತಿರೋದು” ಎಂದರು.

ಆಮೇಲೆ ಕನ್ನಡಿ ಹಿಡಿದು ವಿವರಿಸಿದರು. ಹಲ್ಲಿನ ಬುಡದಲ್ಲಿ ಉಜ್ಜದೆ ಬಿಟ್ಟ ಪಾಚಿ ಗಟ್ಟಿಯಾಗಿ ಕಲ್ಲಾಗುತ್ತದೆ. ಕಲ್ಲಿಗೆ ಒಸಡು ಊದಿಕೊಂಡು ಹಲ್ಲನ್ನು ಬಿಟ್ಟು ಸರಿಯುತ್ತದೆ, ಸಂದಿಯಲ್ಲಿ ಗುಳಿ ಬೀಳುತ್ತದೆ, ಗುಳಿಯೊಳಗೆ ಮತ್ತೆ ಕಲ್ಲು ಕಟ್ಟುತ್ತದೆ. ಕೆಳಗಿರುವ ಮೂಳೆ ಕರಗುವವರೆಗೂ ರೋಗಿಗೆ ನೋವಿಲ್ಲ. ಕರಗಿದ ಮೂಳೆ ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ. ಮುದ್ದೆ ಅಗಿದದ್ದರಿಂದ ಹೀಗಾಯಿತೇ ಎಂದು ಕೇಳಿದೆ. ಅವರು, ಸಕ್ಕರೆ ಕಾಯಿಲೆ ಇದ್ದರೂ ಒಸಡು ಬೇಗ ಕೆಡುತ್ತದೆ, ರಕ್ತ ಪರೀಕ್ಷೆ ಮಾಡಿಸಿ ಎಂದರು.

ಮೊದಲು ಮೇಲಿನ ಕಲ್ಲು ತೆಗೆದರು. ಆಮೇಲೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಒಸಡಿನ ಕೆಳಗಿನದನ್ನು ಕೆರೆದರು. ಹೊರಗೆ ಬಂದು, ಬಂಗಾರಪೇಟೆಗೆ ಬಂದು ಪಾನಿಪುರಿ ತಿನ್ನದೆ ಹೋಗುವುದು ಹೇಗೆಂದು ಒಂದು ಪ್ಲೇಟ್ ತಿಂದೆ. ಮರಗಟ್ಟಿದ ತುಟಿಯಿಂದ ಪಾನಿಯೆಲ್ಲ ಅಂಗಿಯ ಮೇಲೆ ಇಳಿಯಿತು. ರೈಲಿನಲ್ಲಿ ನಾಲಿಗೆ ಆಡಿಸಿ ನೋಡಿದರೆ ಹಲ್ಲುಗಳ ನಡುವೆ ಸಂದಿಯೋ ಸಂದಿ. ಸೆಲ್ವರಾಜು ಹೇಳಿದ್ದು ನಿಜವಾಯಿತೆಂದುಕೊಂಡೆ. ಫೋನ್ ಮಾಡಿದರೆ ಡಾಕ್ಟರಮ್ಮ, ಇಷ್ಟು ದಿನ ಆ ಜಾಗದಲ್ಲಿ ಇದ್ದದ್ದು ಹಲ್ಲಲ್ಲ, ಕಲ್ಲು ಎಂದರು.

ಕೆಲವು ವಾರ ಬಿಟ್ಟು ಮತ್ತೆ ಕಡ್ಡಿ ಇಳಿಸಿದಾಗ ಉಳಿದೆಡೆ ಗುಳಿಗಳು ತುಂಬಿಕೊಂಡಿದ್ದವು. ಬಲದವಡೆಯದು ಮಾತ್ರ ಹಾಗೇ ಇತ್ತು. ಅಲ್ಲಿಗೆ ಫ್ಲಾಪ್ ಸರ್ಜರಿ ಮಾಡಿ ನೋಡೋಣ, ಅದಕ್ಕೂ ಬಗ್ಗದಿದ್ದರೆ ಹಲ್ಲು ತೆಗೆಯಬೇಕಾಗುತ್ತದೆ ಎಂದರು. ಒಸಡನ್ನು ಲಕೋಟೆಯ ಬಾಯಿಯಂತೆ ಬಿಡಿಸಿ, ಒಳಗೆ ಕಾಣುವ ಹಾಗೆ ಶುಚಿಮಾಡಿ, ಮತ್ತೆ ಮಡಚಿ ಹೊಲಿಯುವುದಕ್ಕೆ ಆ ಹೆಸರು. ಮಂಜುಳಾ ಇದನ್ನು ತಾಯಿಗೆ ಫೋನಿನಲ್ಲಿ ಹೇಳುವಾಗ ಲಕೋಟೆಯ ವಿಷಯ ಬಿಟ್ಟಳು, ಹೆಸರನ್ನು ಮಾತ್ರ ಹೇಳಿದಳು. ಅತ್ತೆ ಟಿವಿಯಲ್ಲಿ ಸಿನಿಮಾ ಸುದ್ದಿ ತಪ್ಪಿಸುವವರಲ್ಲ. ಫ್ಲಾಪ್ ಅಂದರೆ ಏನೆಂದು ಅವರಿಗೆ ಚೆನ್ನಾಗಿ ಗೊತ್ತು. ಬೆಳಗಿನ ಬಸ್ಸಿಗೇ ರಾಗಿಹಿಟ್ಟು, ತುಪ್ಪ ಹಿಡಿದು ಬಂದಿಳಿದರು.

“ಮಾಡಾಕ್ ಮುಂಚೇನೇ ಫ್ಲಾಪ್ ಅಂತ ಏಳವ್ಳಲ್ಲ, ಒಳ್ಳೆ ಡಾಕ್ಟ್ರಮ್ಮನೇ” ಎಂದರು. “ಬ್ಯಾರೇರಾದ್ರೆ ಮಾಡಿದ್ ಮ್ಯಾಲೆ ಏಳ್ತಾರೆ. ಕಿತ್ತಾಕಿಸ್ಬುಡಿ ಅಳಿಯಂದ್ರೇ. ಮುದ್ದೆಗೆ ಅಲ್ಲು ಯಾಕ್ ಬೇಕು?”

ಅತ್ತೆಯ ಬಾಯಲ್ಲಿ ಹಲ್ಲು ‘ಅಲ್ಲು’, ಹೇಳು ‘ಏಳು’. ಅವರ ಮಾತು ಕೇಳಿ ನನಗೆ ದುಃಖವಾಯಿತು. ಈ ಊರಿಗೆ ಬಂದ ಮೇಲೆ ನನ್ನ ಮಾತು ಬದಲಾಗಿದೆ. ಊರಿಗೆ ಹೋದರೆ ಅಕ್ಕನೇ, ನೀನು ಯಾವ ಸೀಮೆಯವನೋ ಎಂದು ನಗುತ್ತಾಳೆ. ಸಾರಿನ ರುಚಿ ಬದಲಾಯಿತು, ಎಣಿಸುವಾಗ ತಮಿಳು ಬರುತ್ತದೆ, ಸಿಟ್ಟು ಬಂದರೆ ತೆಲುಗು. ನನ್ನೊಳಗೆ ಗದಗ ಅಂತ ಉಳಿದಿದ್ದರೆ ಅದು ರೊಟ್ಟಿಯನ್ನು ಕಟಕ್ಕೆಂದು ಮುರಿದು ಅಗಿಯುವ ಆ ದವಡೆಯಲ್ಲಿ ಮಾತ್ರ. ಅಲ್ಲಿನ ಹಲ್ಲನ್ನೂ ಕಿತ್ತು ಡಾಕ್ಟರ ಟ್ರೇಯಲ್ಲಿ ಬಿಟ್ಟು ಬರುವುದು ನನ್ನಿಂದಾಗಲಿಲ್ಲ. ಫ್ಲಾಪ್ ಆದರೆ ಆಗಲಿ ಎಂದು ಒಪ್ಪಿಗೆ ಕೊಟ್ಟೆ.

ಸರ್ಜರಿ ಆಯಿತು, ಹೊಲಿಗೆ ಬಿತ್ತು, ಅಲ್ಲಾಡುವ ಹಲ್ಲನ್ನು ಪಕ್ಕದವುಗಳ ಜೊತೆ ತಂತಿಯಲ್ಲಿ ಬಿಗಿದರು. ಅಗಿಯುವ ಹಾಗಿಲ್ಲ ಎಂದರು. ಅತ್ತೆ ನಮ್ಮಲ್ಲೇ ಉಳಿದು ನನ್ನ ಶಿಕ್ಷಣವನ್ನು ಕೈಗೆತ್ತಿಕೊಂಡರು. ಆರಿದ ಮುದ್ದೆಯಿಂದ ನೆಲ್ಲಿಕಾಯಿ ಗಾತ್ರ ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ಗೊತ್ತಾಗದ ಹಾಗೆ ನಾಲಿಗೆಯ ಹಿಂಭಾಗಕ್ಕೆ ದಾಟಿಸಬೇಕು. ಇಪ್ಪತ್ತು ವರ್ಷ ಬಾರದ ವಿದ್ಯೆ ಗತಿಯಿಲ್ಲದೆ ಬಂತು. ಮೂರನೇ ವಾರಕ್ಕೆ ಊಟ ಮಾಡುತ್ತಿರುವುದೇ ಗೊತ್ತಾಗದಷ್ಟು ಸಲೀಸಾಯಿತು.

ತಿಂಗಳುಗಳ ಮೇಲೆ ಡಾಕ್ಟರಮ್ಮ ಕಡ್ಡಿ ಇಳಿಸಿ, ಹಲ್ಲು ನಿಂತಿದೆ, ಒಸಡು ಗಟ್ಟಿಯಾಗಿದೆ, ಇನ್ನು ರೊಟ್ಟಿ ತಿನ್ನಬಹುದು, ಆದರೆ ಆಗಾಗ ಬಂದು ತೋರಿಸುತ್ತಿರಬೇಕು ಎಂದರು. ಅಕ್ಕನಿಗೆ ಫೋನ್ ಮಾಡಿದೆ. ವಾರದೊಳಗೆ ಬಟ್ಟೆಯಲ್ಲಿ ಸುತ್ತಿದ ಕಟಕ್ ರೊಟ್ಟಿ ಬಂತು. ಎಲ್ಲರನ್ನೂ ಎದುರಿಗೆ ಕೂರಿಸಿಕೊಂಡು, ಶೇಂಗಾ ಚಟ್ನಿ ಹಚ್ಚಿ, ಬಲದವಡೆಯಿಂದಲೇ ಕಚ್ಚಿದೆ. ಕಟಕ್ಕೆಂದಿತು. ಹಲ್ಲು ಅಲ್ಲಾಡಲಿಲ್ಲ, ರಕ್ತ ಬರಲಿಲ್ಲ. ಕಣ್ಣು ತುಂಬಿ ಬಂತು. ಆ ಸಂತೋಷದ ಭರದಲ್ಲಿ ತುಂಡನ್ನು ಮುದ್ದೆಯಂತೆ ನುಂಗಿಬಿಟ್ಟೆ.

ಅದು ಗಂಟಲಲ್ಲಿ ಅಡ್ಡ ನಿಂತಿತು. ಕೆಮ್ಮಿ ಕೆಮ್ಮಿ ಮುಖ ಕೆಂಪಾಯಿತು. ಮಂಜುಳಾ ನೀರಿಗೆ ಓಡಿದಳು. ಅತ್ತೆ ಎದ್ದು ಬಂದು ಬೆನ್ನಿಗೆ ನಾಲ್ಕು ಗುದ್ದಿದರು. ತುಂಡು ಈಚೆ ಬಿದ್ದ ಮೇಲೆ, ಎಳೆಮಗುವಿಗೆ ಹೇಳುವ ಸಮಾಧಾನದಲ್ಲಿ ಹೇಳಿದರು:

“ಅಲ್ಲು ಐತಲ್ಲಪ್ಪಾ. ಅಗೀರಿ.”

ಹೌದು, ಹಲ್ಲು ಇತ್ತು. ಅಷ್ಟು ಪಾಡುಪಟ್ಟು ಉಳಿಸಿಕೊಂಡದ್ದು, ತಂತಿ ಸಮೇತ ಅದರ ಜಾಗದಲ್ಲೇ ಇತ್ತು. ಅಗಿಯುವುದು ಹೇಗೆಂಬುದನ್ನು ಮಾತ್ರ ನಾನು ಈಗ ಅತ್ತೆಯಿಂದ ಕಲಿಯುತ್ತಿದ್ದೇನೆ.