ಪಿತ್ತರಸವೂ ಇಂಡಿಯ ಬೀಗರೂ

ನನ್ನ ಹೊಟ್ಟೆಯ ಬಗ್ಗೆ ನನಗೇನೂ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಐವತ್ನಾಲ್ಕು ವರ್ಷ ಬೇಕಾಯಿತು. ಬೇರೆಯವರು ಹೀಗೆ ಒಪ್ಪಿಕೊಂಡರೆ ಅದು ವಿನಯ. ನಾನು ಒಪ್ಪಿಕೊಂಡರೆ ನೌಕರಿಯ ಮರ್ಯಾದೆಯೇ ಹೋಗುತ್ತದೆ. ಏಕೆಂದರೆ ಸಿಂದಗಿಯ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಜೀರ್ಣಾಂಗಗಳ ಪಾಠ ಮಾಡುತ್ತಿರುವವನು ನಾನೇ. ಸಣ್ಣ ಕರುಳಿನ ಚಿತ್ರವನ್ನು ಹಲಗೆಯ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲೆ. ಅದು ಜಿಲೇಬಿಯ ಹಾಗೆ ಬರುತ್ತದೆ ಎಂದು ಮಕ್ಕಳು ನಗುತ್ತಾರೆ. ನಾನು ಆ ನಗೆಯನ್ನು ಕೇಳಿಸಿಕೊಳ್ಳುವುದಿಲ್ಲ.

ಮಗಳು ಸುಮಾಳಿಗೆ ಪಕ್ಕದ ತಾಲೂಕಿನ ಇಂಡಿಯಿಂದ ಒಂದು ಸಂಬಂಧ ಬಂದ ವಾರದಲ್ಲೇ ನನ್ನ ರಕ್ತಪರೀಕ್ಷೆಯ ವರದಿಯೂ ಬಂತು. ಸಕ್ಕರೆ ಗಡಿಯ ಮೇಲೆ ನಿಂತಿತ್ತು, ಯಕೃತ್ತಿನಲ್ಲಿ ಕೊಬ್ಬು ಕೂತಿತ್ತು. ವರದಿ ನೋಡಿದ ಡಾಕ್ಟರು ನನ್ನದೇ ಹಳೆಯ ವಿದ್ಯಾರ್ಥಿನಿ. "ಸರ್, ಪಿತ್ತರಸದ ಕೆಲಸ ಏನ್ರಿ?" ಎಂದು ಕೇಳಿದಳು. ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುವುದು, ಸಾಬೂನಿನ ಹಾಗೆ ಎಂದು ನಾನು ಕೈಕಟ್ಟಿ ಉತ್ತರಿಸಿದೆ.

"ನೀವು ನಮಗ ಕಲಿಸಿದ್ದೂ ಇದನ್ನ ರೀ. ಖರೇನ ಐತಿ, ಆದ್ರ ಅರ್ಧಾ. ಯಕೃತ್ತು ಕೊಲೆಸ್ಟ್ರಾಲಿನಿಂದ ಪಿತ್ತಾಮ್ಲ ಮಾಡಿ ಕರಳಿಗೆ ಕಳಸ್ತೈತಿ. ಅಲ್ಲಿರೋ ಬ್ಯಾಕ್ಟೀರಿಯಾ ಅದರ ರೂಪಾನ ಬದಲ ಮಾಡ್ತಾವ. ಹಂಗ ಬದಲಾದ ಆಮ್ಲ ಹೊಳ್ಳಿ ಹೋಗಿ, ಸಕ್ಕರಿ ಹ್ಯಾಂಗ ಇಡಬೇಕು, ಕೊಬ್ಬು ಹ್ಯಾಂಗ ಕರಗಸಬೇಕು ಅಂತ ಮೈಗೆ ಸುದ್ದಿ ಮುಟ್ಟಸ್ತಾವ. ನೀವು ದಿನಾ ಸಂಜಿಕ ಬರೇ ಮಿರ್ಚಿ ಭಜಿ ಕಳಿಸಿದ್ರ, ಅವು ಏನು ಸುದ್ದಿ ಕೊಡಬೇಕ್ರಿ?"

ಕಾಳು, ಪಲ್ಯ, ಜೋಳದ ರೊಟ್ಟಿ ತಿನ್ನಿರಿ, ದಿನಾ ನಡೆಯಿರಿ, ಮೂರು ತಿಂಗಳಿಗೆ ಮತ್ತೆ ರಕ್ತ ಕೊಡಿರಿ ಎಂದಳು. "ಎಲ್ಲಾ ನಿಧಾನಕ್ಕ ಹೆಚ್ಚಸ್ರಿ" ಎಂದೂ ಹೇಳಿದಳಂತೆ. ಆ ಹೊತ್ತಿಗೆ ನಾನು ಬಾಗಿಲಿನಲ್ಲಿದ್ದೆ. ಗಂಟೆ ಹೊಡೆಯುವ ಮೊದಲೇ ಪುಸ್ತಕ ಮಡಚುವ ಮಕ್ಕಳನ್ನು ನಾನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ.

ಮನೆಗೆ ಬರುವಷ್ಟರಲ್ಲಿ ಹೊಟ್ಟೆಯೊಳಗಿನ ಆ ಜೀವಿಗಳ ಮೇಲೆ ನನಗೆ ಅಪಾರ ಮಮತೆ ಹುಟ್ಟಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅವುಗಳ ಊಟ ವಿಚಾರಿಸಿರಲಿಲ್ಲವಲ್ಲ ಎಂದು ನೊಂದುಕೊಂಡೆ. ಮರುದಿನದಿಂದಲೇ ನೆನೆಸಿದ ಮಡಕಿ ಕಾಳು, ಹೆಸರು ಕಾಳು, ಹಸಿ ಉಳ್ಳಾಗಡ್ಡಿ, ಮೂಲಂಗಿ, ಅಗಸಿ ಬೀಜದ ಚಟ್ನಿ ಹಿಂಡಿ, ಮಜ್ಜಿಗೆ ಎಲ್ಲವೂ ಮೂರು ಹೊತ್ತು ನಡೆಯಿತು. ಹೆಂಡತಿ ಶಕುಂತಲಾ ಎರಡು ದಿನ ಕಾಳು ನೆನೆಸಿಕೊಟ್ಟಳು. ಮೂರನೆಯ ದಿನ, "ನಮ್ಮ ತವರಮನಿಯವರು ಬಂದಾಗ ಒಂದು ಕಪ್ ಚಾ ಕೇಳಿಲ್ಲ ನೀವು. ಹೊಟ್ಟ್ಯಾಗಿನ ಹುಳಕ್ಕ ಇಷ್ಟು ಉಪಚಾರ ಮಾಡಾಕತ್ತೀರಿ" ಎಂದಳು. ಹುಳ ಅಲ್ಲ, ಬ್ಯಾಕ್ಟೀರಿಯಾ ಎಂದು ತಿದ್ದಿದೆ. "ಯಾವದರ ಇರಲಿ. ನಾಳೆ ಸುಮಾನ್ನ ಕರಕೊಂಡು ಇಂಡಿಗೆ ಹುಡುಗನ ಮನಿ ನೋಡಾಕ ಹೋಗೂದೈತಿ. ಬರೂತನಾ ಅವಕ್ಕ ಉಪಾಸ ಹಾಕ್ರಿ."

ನಾನು ಹಾಕಲಿಲ್ಲ. ಸಿಂದಗಿಯಿಂದ ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಗುಡುಗುಡು ಸದ್ದು ಕೇಳಿಸಿತು. ಗೇರು ಸರಿಯಿಲ್ಲ ಎಂದುಕೊಂಡೆ. ಇಂಡಿಯಲ್ಲಿ ಬಸ್ಸು ನಿಂತ ಮೇಲೂ ಅದು ನಿಲ್ಲಲಿಲ್ಲ.

ಮೊದಲೇ ಬಂದು ಹೆಣ್ಣು ನೋಡಿ ಹೋಗಿದ್ದ ಹುಡುಗ ಸುಮಾಳಿಗೆ ಹಿಡಿಸಿದ್ದ. ಅವಳು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ವಾರದಿಂದ ಪಾತ್ರೆ ತೊಳೆಯುವಾಗಲೂ ಗುನುಗುತ್ತಿದ್ದಳು. ಹುಡುಗನ ತಂದೆ ಮಲ್ಲನಗೌಡರು ನಿಂಬೆ ತೋಟದವರು, ಮಿತಭಾಷಿ, ಒಂದು ಮಾತು ಮನಸ್ಸಿಗೆ ಹಿಡಿಸದಿದ್ದರೆ ಎದ್ದು ಹೋಗಿಬಿಡುತ್ತಾರೆ ಎಂದು ಮಧ್ಯಸ್ಥರು ಮೊದಲೇ ಎಚ್ಚರಿಸಿದ್ದರು. ಗೌಡರು ಮೀಸೆ ಸವರಿ, "ಮತ್ತ ಸರ್ರ, ನಿಮ್ಮ ವಿಚಾರ ಏನು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಹೊಟ್ಟೆ ಉತ್ತರ ಕೊಟ್ಟಿತು. ಉತ್ತರ ದೀರ್ಘವಾಗಿತ್ತು. ಶಕುಂತಲಾ ನೆಲ ನೋಡಿದಳು. ಸುಮಾ ಬಾಯಿಗೆ ಸೆರಗು ಹಿಡಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ.

ಮೂಲೆಯಲ್ಲಿ ಕೂತಿದ್ದ ಗೌಡರ ತಾಯಿಗೆ ಕಿವಿ ಮಂದ ಎಂದಿದ್ದರು. ಅವರಿಗೂ ಕೇಳಿಸಿತ್ತು. "ಪಾಪ, ಬೀಗರಿಗೆ ಹಸಿವ್ಯಾಗೇತಿ. ಮೊದಲ ಎಲಿ ಹಾಕ್ರಿ" ಎಂದರು.

ಎಲೆಗೆ ಎರಡು ಹೋಳಿಗೆ ಬಿದ್ದವು. ಗೌಡರ ಹೆಂಡತಿ ತುಪ್ಪದ ತಂಬಿಗೆ ಬಗ್ಗಿಸಿದರು. ಬೇಡವೆಂದರೆ ಅವಮಾನ, ತಿಂದರೆ ಅನಾಹುತ. ಬೇರೆ ದಾರಿಯಿಲ್ಲದೆ ನಿಜ ಹೇಳಿಬಿಟ್ಟೆ. ಸಕ್ಕರೆ, ಯಕೃತ್ತು, ಸುದ್ದಿ ಮುಟ್ಟಿಸುವ ಪಿತ್ತಾಮ್ಲ, ಬ್ಯಾಕ್ಟೀರಿಯಾ, ಮಡಕಿ ಕಾಳು, ದಿನದ ನಡಿಗೆ, ಏನನ್ನೂ ಬಿಡಲಿಲ್ಲ. ಹೆದರಿಕೆಗೆ ಪಾಠ ಉದ್ದವಾಯಿತು. ಗೌಡರು ರೆಪ್ಪೆ ಬಡಿಯದೆ ಕೇಳಿ, ಕೊನೆಗೆ ನನ್ನತ್ತ ಬಗ್ಗಿ ಪಿಸುಗುಟ್ಟಿದರು. "ಸರ್ರ, ನನಗೂ ಸಕ್ಕರಿ ಬಂದು ಎರಡು ವರ್ಷಾತು. ಮನ್ಯಾಗ ಹೇಳಿಲ್ಲ."

ತೋಟದಲ್ಲಿ ಕೂಗಿ ರೂಢಿಯಿದ್ದ ದನಿ ಅದು. ಪಿಸುಗುಟ್ಟಿದರೂ ಅಡುಗೆಮನೆ ಮುಟ್ಟಿತು. "ಎರಡು ವರ್ಷಾ?" ಎಂದು ಅವರ ಹೆಂಡತಿ ಗಂಡನ ಎಲೆಯ ಮುಂದೆ ಬಂದು ನಿಂತರು. ನೋಡನೋಡುತ್ತಿದ್ದಂತೆ ಅವರ ಎಲೆಯ ಹೋಳಿಗೆ ಮಾಯವಾಯಿತು, ಹಿಂದೆಯೇ ನನ್ನ ಎಲೆಯದೂ. ಇಬ್ಬರ ಮುಂದೆಯೂ ಒಂದೊಂದು ಲೋಟ ಮಜ್ಜಿಗೆ ಬಂತು. ಮುದುಕಿ ನಮ್ಮಿಬ್ಬರನ್ನೂ ನೋಡಿ, "ಒಂದ ನಮೂನಿ ಅದಾರ ಇಬ್ಬರೂ. ಸಂಬಂಧ ಕೂಡತೈತಿ ತಗೋರಿ" ಎಂದರು. ಗೌಡರು ಮೊದಲ ಸಲ ನಕ್ಕರು. ಸುಮಾ ಕೂಡ ಸೆರಗು ತೆಗೆದು ನಕ್ಕಳು. ಮುಂದಿನ ತಿಂಗಳು ಬಸವನಬಾಗೇವಾಡಿಯ ಗುಡಿಯಲ್ಲಿ ಸುಮಾಳ ಮದುವೆಯ ಅಕ್ಕಿಕಾಳು ಬಿದ್ದವು.

ಬೀಗರು ನನ್ನ ಅಂದಿನ ಪಾಠವನ್ನು ಅಕ್ಷರಶಃ ಪಾಲಿಸಿದರು. ನನ್ನ ಹೊಟ್ಟೆಯ ಗುಡುಗುಡು ಕೇಳಿದ್ದರಿಂದ ಕಾಳು ಪಲ್ಯವನ್ನು ಮಾತ್ರ ನಿಧಾನಕ್ಕೆ ಹೆಚ್ಚಿಸಿದರು, ನಿಂಬೆ ತೋಟದಲ್ಲಿ ದಿನಾ ಐದು ಸುತ್ತು ನಡೆದರು. ಮೂರು ತಿಂಗಳಿಗೆ ಇಬ್ಬರೂ ಸೇರಿ ಡಾಕ್ಟರ ಬಳಿ ಹೋದೆವು. ಅವರ ಸಕ್ಕರೆ ಇಳಿದಿತ್ತು. ನನ್ನದು ಇದ್ದಲ್ಲೇ ಇತ್ತು; ಪಾಠ ಮಾಡಿದ ಸಂತೋಷದಲ್ಲಿ ನಡೆಯುವುದನ್ನು ಮರೆತಿದ್ದೆ. ನನ್ನ ವಿದ್ಯಾರ್ಥಿನಿ ಎರಡೂ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು, "ಸರ್, ನೀವು ಬೀಗರ ಹಂತ್ಯಾಕ ಟ್ಯೂಷನ್ ಹಚ್ಚರಿ" ಎಂದಳು.

ಈಗ ಪ್ರತಿ ರವಿವಾರ ಇಂಡಿಗೆ ಹೋಗುತ್ತೇನೆ. ಮಗಳನ್ನು ನೋಡಲು ಹೋಗುತ್ತಾನೆ ಎಂದು ಊರವರು ತಿಳಿದಿದ್ದಾರೆ. ಮೂರನೆಯ ಸುತ್ತಿಗೆ ನಾನು ನಿಂಬೆ ಗಿಡ ಹಿಡಿದು ನಿಂತರೆ, ಮುಂದೆ ಹೋದ ಬೀಗರು ತಿರುಗಿ ನೋಡಿ, ನಾನು ತರಗತಿಯಲ್ಲಿ ಕೇಳುವ ಹಾಗೆಯೇ ಕೇಳುತ್ತಾರೆ. "ಯಾಕ್ರಿ ಸರ್ರ, ಹಿಂದಿನ ಬೆಂಚಿನವರು ಸುಮ್ಮನಾದ್ರಿ?"