ಸೆಕೆಂಡಿನ ಸಾವಿರದಲ್ಲೊಂದು ಪಾಲು

ಪಂಪಿನ ಕಂಪ್ಯೂಟರು ಬರೆದಿಡುವ ಲಾಗ್ ದಾಖಲೆಯಲ್ಲಿ ಹೊತ್ತುಗೊತ್ತು ಒಂದೂ ಇರಲಿಲ್ಲ. 'ಪಂಪು ನಿಂತಿತು', 'ಅಲಾರಂ ಬಡಿಯಿತು' ಎಂದಷ್ಟೇ ಸಾಲುಗಳು. ಯಾವಾಗ ಅಂದರೆ ಅದಕ್ಕೂ ಗೊತ್ತಿಲ್ಲ, ಊರಿಗೂ ಗೊತ್ತಿಲ್ಲ. ನೀರು ಸರಬರಾಜಿನ ನೆವಿಲ್ ಪಾಸ್ಕೋಗೆ ಇದು ಹಲ್ಲಿಗೆ ಸಿಕ್ಕ ನಾರಿನಂತೆ ಕಾಡುತ್ತಿತ್ತು. ಆ ಬುಧವಾರ ಬೆಳಿಗ್ಗೆ ಹಟ ಹಿಡಿದು ಕೂತು, ಪ್ರತಿ ಸಾಲಿಗೂ ಸೆಕೆಂಡಿನ ಸಾವಿರದಲ್ಲೊಂದು ಪಾಲಿನವರೆಗೆ ಹೊತ್ತು ಬೀಳುವಂತೆ ಮಾಡಿದ. ಸರಿಯಾಗಿದೆಯೇ ಎಂದು ನೋಡಲು ಅಲಾರಂ ಬಾರಿಸಿದ, ನಿಲ್ಲಿಸಿದ. ಮತ್ತೆ ಬಾರಿಸಿದ, ಮತ್ತೆ ನಿಲ್ಲಿಸಿದ.

"ಲೋ ನೆವಿಲ್, ಅದರ ಬಾಯಿ ಮುಚ್ಚಿಸೋ! ತಲೆ ಸಿಡೀತಿದೆ!" ಪಕ್ಕದ ಕೋಣೆಯಿಂದ ಸಹೋದ್ಯೋಗಿ ಗ್ಲೆನಿಸ್ ಕೂಗಿದಳು.

ನೆವಿಲ್ ಹನ್ನೆರಡಕ್ಕೆ ಪಬ್ಬಿಗೆ ಹೋಗಿ, ಮಾಂಸದ ಪೈ ತಿಂದು, ಹನ್ನೆರಡೂವರೆಗೆ ಬಂದರೆ ಪಂಪು ನಿಂತಿತ್ತು. ಮತ್ತೆ ಓಡಿಸುವಷ್ಟರಲ್ಲಿ ಮೂರು ಗಂಟೆ. ಹೊರಗೆ ನಲವತ್ತಾರು ಡಿಗ್ರಿ. ಗುಡ್ಡದ ಮೇಲಿನ ವೃದ್ಧಾಶ್ರಮದ ಕೂಲರುಗಳು ನೀರಿಲ್ಲದೆ ಬಿಸಿಗಾಳಿ ಊದಿದವು. ನಾಲ್ಕಕ್ಕೆ ಮುದುಕ ಕ್ಲಾರಿ ತೀರಿಕೊಂಡ. ನೆವಿಲ್‌ಗೆ ಈ ಕೆಲಸ ಕಲಿಸಿದವನೇ ಅವನು. 

ಮೇಲಧಿಕಾರಿ ಟ್ರೆಂಬಾತ್ ಬಂದು ಬಾಗಿಲಲ್ಲೇ ನಿಂತ. "ನೀನು ಕುರ್ಚಿ ಖಾಲಿ ಬಿಟ್ಟು ಹೋದಾಗ ಪಂಪು ನಿಂತಿದ್ರೆ ನಿನ್ನ ಕೆಲಸ ಹೋಯ್ತು ಅಂದ್ಕೋ."

"ನನಗೂ ಒಂದು ಮಾತು ಹೇಳದೆ ಹೋಗಿದ್ದ," ಎಂದಳು ಗ್ಲೆನಿಸ್, ಯಾರೂ ಕೇಳದಿದ್ದರೂ.

"ಲಾಗೇ ಹೇಳುತ್ತೆ ಬಾಸ್!" ಎಂದು ನೆವಿಲ್ ಹೆಮ್ಮೆಯಿಂದ ಅದನ್ನು ತೆರೆದ.

12:10:07.482. ಪಂಪು ನಿಂತಿತು.

"ನೋಡಿ, ಬಾಯಲ್ಲಿ ಪೈ ಇದ್ದಾಗ್ಲೇ!" ಎಂದಳು ಗ್ಲೆನಿಸ್.

ನೆವಿಲ್ ಆ ಸಾಲನ್ನು ಮತ್ತೊಮ್ಮೆ ಓದಿದ. ಮರುಗಳಿಗೆಯೇ ಕುರ್ಚಿಯಿಂದ ಚಿಮ್ಮಿ ಎದ್ದ. "ಕಂಪ್ಯೂಟರ್ ಕಳಿಸಿದ್ದು ಸಿಡ್ನಿಯವರು ಬಾಸ್! ಅದರ ಗಡಿಯಾರಾನೂ ಸಿಡ್ನಿ ಹೊತ್ತಿಂದೇ. ನಮ್ಮೂರು ನಡೆಯೋದು ಅಡಿಲೇಡ್ ಹೊತ್ತಿಗೆ, ಅವರಿಗಿಂತ ಅರ್ಧ ಗಂಟೆ ಹಿಂದೆ. ಅಂದ್ರೆ ಪಂಪು ನಿಂತಿದ್ದು ಹನ್ನೊಂದು ನಲವತ್ತಕ್ಕೆ! ಆಗ ನಾನು ಇದೇ ಕುರ್ಚೀಲಿದ್ದೆ. ಹೇಳೇ ಗ್ಲೆನಿಸ್!"

"ಹೌದಪ್ಪ, ಇದ್ದ. ಅಲಾರಂ ಬಾರಿಸ್ತಾ ಕೂತಿದ್ದ."

ಟ್ರೆಂಬಾತ್ ಕೆಳಗಿನ ಸಾಲುಗಳ ಮೇಲೆ ಬೆರಳಿಟ್ಟ.

12:10:07.483. ಅಲಾರಂ ಬಡಿಯಿತು.

12:10:09.016. ಅಲಾರಂ ನಿಲ್ಲಿಸಿದವರು: ಎನ್. ಪಾಸ್ಕೋ.

ಅದೂ ತಾನು ಪರೀಕ್ಷೆಗೆ ಬಾರಿಸಿದ ಅಲಾರಮ್ಮೇ ಎಂದುಕೊಂಡು, ಆಗ ತಲೆ ಎತ್ತದೆ ಗುಂಡಿ ಒತ್ತಿದ್ದ. ನೆವಿಲ್ ನಿಧಾನವಾಗಿ ಮತ್ತೆ ಕೂತ.

"ಕ್ಲಾರಿ ಮಗಳು ಹೊರಗೆ ಕೂತಿದ್ದಾಳೆ," ಎಂದ ಟ್ರೆಂಬಾತ್. "ಪಂಪು ಎಷ್ಟು ಹೊತ್ತಿಗೆ ನಿಂತಿತು, ಆಗ ಯಾರಿದ್ರು ಅಂತ ಕೇಳ್ತಿದ್ದಾಳೆ. ಹೋಗಿ ನೀನೇ ಹೇಳು. ಸಿಡ್ನಿ ಹೊತ್ತು ಬೇಡ, ನಮ್ಮೂರಿನ ಹೊತ್ತು ಹೇಳು."